ಬರಿ ಹಲಗೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ, ಸುಳ್ಳೇನಲ್ಲ. ಆದರೆ ಇದು ನನ್ನ ಮೂಗಿನ ಕಥೆಯಲ್ಲ. ನನ್ನ ಅಣ್ಣನದು, ತಮ್ಮನದು, ಗಂಡನದು, ಹೀಗೆ ಮೂರು ಮೂಗುಗಳ ಕಥೆ. ಮೂರೂ ಒಂದೇ ಸಲ ಕಟ್ಟಿಕೊಂಡವು. ಆ ಮೂರರಲ್ಲಿ ಸೋಮವಾರದೊಳಗೆ ತೆರೆದುಕೊಳ್ಳಲೇಬೇಕಾಗಿದ್ದದ್ದು ಒಂದೇ ಒಂದು.

ಅದು ನಮ್ಮವರದು. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ತಪ್ಪಿಸಿಕೊಂಡಿದೆ ಎಂದು ಹೇಳುವುದು ಅವರ ಕೆಲಸ. ಪ್ರತಿ ಸಲವೂ ‘ದಯವಿಟ್ಟು ಗಮನಿಸಿ’ ಎಂದೇ ಶುರು ಮಾಡುತ್ತಾರೆ. ಹಾಗಾಗಿ ನನ್ನ ತಮ್ಮ ಅವರಿಗೆ ಇಟ್ಟ ಹೆಸರು ‘ಗಮನಿಸಿ ಭಾವ’. ಮೈಕಿನಲ್ಲಿ ಅವರ ದನಿ ಕೇಳಿದರೆ ತಪ್ಪು ಬಸ್ಸು ಹತ್ತಿದವರೂ ನೆಮ್ಮದಿಯಿಂದ ಕೂತಿರುತ್ತಾರೆ. ಮನೆಗೆ ಬಂದರೆ ಮಾತ್ರ ಆ ದನಿ ಎಲ್ಲಿ ಅಡಗುತ್ತದೋ ಗೊತ್ತಿಲ್ಲ. ಊಟದ ಹೊತ್ತಿನಲ್ಲಿ ಉಪ್ಪು ಬೇಕಾದರೂ ನನ್ನ ಕಿವಿಯಲ್ಲಿ ಹೇಳುತ್ತಾರೆ.

ಯಾಕೆ ಎಂದು ನನಗೆ ಗೊತ್ತು. ನಾವಿರುವುದು ನನ್ನ ತವರಿನಲ್ಲಿ, ಮಹಡಿಯ ಒಂದು ಕೋಣೆಯಲ್ಲಿ. ಅವರ ಕೆಲಸ ತಾತ್ಕಾಲಿಕ, ಸಂಬಳವೂ ಅದಕ್ಕೆ ತಕ್ಕಂತೆ. ಮನೆಯಳಿಯ ಎಂಬ ಮಾತನ್ನು ಅವರ ಎದುರು ಯಾರೂ ಆಡಿದವರಲ್ಲ. ಆಡದಿದ್ದರೂ ಅವರಿಗೆ ಕೇಳಿಸುತ್ತದೆ. ಸೋಫಾದಲ್ಲಿ ಕೂತರೆ ಅಂಚಿನಲ್ಲೇ ಕೂರುತ್ತಾರೆ, ಇನ್ನೇನು ಬಸ್ಸು ಹೊರಡುತ್ತದೆ ಎನ್ನುವವರ ಹಾಗೆ. ‘ಕೆಲಸದಲ್ಲೂ ತಾತ್ಕಾಲಿಕ, ಮನೇಲೂ ತಾತ್ಕಾಲಿಕ’ ಎಂದು ಒಮ್ಮೆ ನಗುತ್ತ ಅಂದಿದ್ದರು. ನನಗೆ ನಗು ಬರಲಿಲ್ಲ. ಅಂತೂ ಇಂತೂ ಖಾಯಂ ಹುದ್ದೆಗೆ ಧ್ವನಿ ಪರೀಕ್ಷೆ ಗೊತ್ತಾಯಿತು. ಸೋಮವಾರ ಬೆಳಿಗ್ಗೆ, ಮೇಲಧಿಕಾರಿಗಳ ಎದುರು, ನಿಲ್ದಾಣದ ಮೈಕಿನಲ್ಲೇ. ನಾಲ್ಕು ಜನ ಪೈಪೋಟಿಯಲ್ಲಿದ್ದರು.

ಸರಿಯಾಗಿ ಅದೇ ಹೊತ್ತಿಗೆ ತಮ್ಮ ನೆಗಡಿ ತಂದ. ಅವನು ಸಾಮಾನು ಸಾಗಿಸುವ ವ್ಯಾನ್ ಓಡಿಸುವವನು. ಊರಿನವರ ಸಾಮಾನೆಲ್ಲ ತಡವಾಗಿ ತಲುಪಿಸುತ್ತಾನೆ ಎಂಬ ದೂರು ಇದೆ. ನೆಗಡಿಯನ್ನು ಮಾತ್ರ ಆ ದಿನವೇ ಮನೆಗೆ ತಲುಪಿಸಿದ. ಮೊದಲು ಅಣ್ಣನಿಗೆ ಹತ್ತಿತು, ಆಮೇಲೆ ನಮ್ಮವರಿಗೆ. ಅತ್ತಿಗೆ ತನ್ನ ತವರಿಗೆ ಹೋಗಿದ್ದಳು. ಸುದ್ದಿ ಕೇಳಿ ವಾಪಸು ಬರುವುದನ್ನು ಮುಂದಕ್ಕೆ ಹಾಕಿದಳು, ಜಾಣೆ.

ಸುಮ್ಮನೆ ನೆಗಡಿಯಾಗಿದ್ದರೆ ಹೋಗುತ್ತಿತ್ತು. ಮೂವರಿಗೂ ಅದು ಮೂಗಿನಿಂದ ಮೇಲಕ್ಕೆ ಹತ್ತಿತು. ಕೆನ್ನೆ ಮೂಳೆ ಸಿಡಿತ, ಹಣೆ ಭಾರ, ಬಗ್ಗಿದರೆ ಕಣ್ಣು ಕೆಳಗೆ ಬೀಳುವುದೇನೋ ಎನ್ನುವಂಥ ನೋವು. ಮೂವರೂ ಸೋಫಾದಲ್ಲಿ ಸಾಲಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದರು. ನಮ್ಮವರು ಕನ್ನಡಿ ಮುಂದೆ ಅಭ್ಯಾಸ ಮಾಡಲು ನಿಂತರೆ ‘ದಯವಿಟ್ಟು ಗಬಡಿಸಿ’ ಎಂದು ಬಂತು. ಇನ್ನೊಮ್ಮೆ ಹೇಳಿದರು. ಅದೇ ಬಂತು. ಮೂರನೆಯ ಸಲ ಬಾಯಿ ತೆರೆದು, ಏನೂ ಹೇಳದೆ ಮುಚ್ಚಿಕೊಂಡರು. ಆ ಮುಖ ನೋಡಿ ನಾನು ಮೂವರನ್ನೂ ಹೊರಡಿಸಿದೆ, ಡಾಕ್ಟರ ಬಳಿಗೆ. ಅಪ್ಪನೂ ಜೊತೆಗೆ ಬಂದ. ಅವನು ಬಾರದ ಜಾಗವಿಲ್ಲ.

ಡಾಕ್ಟರಮ್ಮ ಒಬ್ಬೊಬ್ಬರ ಕೆನ್ನೆ ಒತ್ತಿ ನೋಡಿದರು, ಮೂಗಿನೊಳಗೆ ದೀಪ ಬಿಟ್ಟು ನೋಡಿದರು.

“ಸೈನಸ್ ಸೋಂಕು. ಮುಖದ ಮೂಳೆಯೊಳಗೆ ಸಣ್ಣ ಸಣ್ಣ ಗಾಳಿಕೋಣೆ ಇರ್ತವೆ. ನೆಗಡಿಯಲ್ಲಿ ಬಾಗಿಲು ಊದಿ ಮುಚ್ಕೊಂಡಿದೆ, ಒಳಗಿದ್ದದ್ದು ಒಳಗೇ ಉಳಿದಿದೆ, ಅಷ್ಟೇ. ಉಪ್ಪುನೀರಲ್ಲಿ ಮೂಗು ತೊಳ್ಕೊಳ್ಳಿ, ನೀರು ಕಾಯಿಸಿ ಆರಿಸಿರಬೇಕು. ತೀರಾ ನೋವಾದ್ರೆ ಇದೊಂದು ನೋವಿನ ಮಾತ್ರೆ. ಚೆನ್ನಾಗಿ ನಿದ್ದೆ ಮಾಡಿ.”

“ಮತ್ತೆ ಆ್ಯಂಟಿಬಯಾಟಿಕ್ಕು?” ಅಂದ ಅಣ್ಣ.

“ಈಗ ಬೇಡ. ಹೆಚ್ಚಿನವರಿಗೆ ಏನೂ ಕೊಡದಿದ್ರೂ ತಾನಾಗೇ ಇಳಿಯುತ್ತೆ. ಕಣ್ಣಿನ ಸುತ್ತ ಊದಿದ್ರೆ, ಜ್ವರ ಏರಿದ್ರೆ, ಇಳಿದದ್ದು ಮತ್ತೆ ಕೆರಳಿದ್ರೆ, ಆಗ ಒಂದು ಕ್ಷಣ ಕಾಯಬೇಡಿ. ನೇರ ನನ್ನ ಹತ್ರ ಬನ್ನಿ.”

ಅಣ್ಣನ ಮುಖ ನೋಡಬೇಕಿತ್ತು. ಅವನು ವಿಮಾ ಕಚೇರಿಯಲ್ಲಿ ಗುಮಾಸ್ತ. ದುಡ್ಡು ತೆತ್ತ ಮೇಲೆ ಕೈಗೆ ಏನಾದರೂ ಬರಲೇಬೇಕು ಎನ್ನುವವನು. ‘ನಿದ್ದೆ ಮಾಡಿ ಅನ್ನೋಕೆ ಫೀಸಾ? ಮೂಗಿಗಿಂತ ಮೂಗುತಿ ಭಾರ’ ಎಂದು ಗೊಣಗುತ್ತ, ಅಲ್ಲಿಂದಲೇ ಇನ್ನೊಬ್ಬ ಡಾಕ್ಟರ ಬಳಿ ಹೋಗಿ ಒಂದು ಚೀಲ ಮಾತ್ರೆ ಬರೆಸಿಕೊಂಡು ಬಂದ. ಅಮ್ಮ ಆ ಹೊತ್ತಿಗಾಗಲೇ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಇಟ್ಟಿದ್ದಳು. ಆವಿ ಹಿಡಿದರೆ ಸಾಯುವವನೂ ಎದ್ದು ಕೂರುತ್ತಾನೆ ಎಂಬುದು ಅವಳ ನಂಬಿಕೆ. ಎತ್ತು ಏರಿಗೆ, ಕೋಣ ನೀರಿಗೆ. ಯಾವುದು ಮೇಲು ಎಂದು ಅಮ್ಮನಿಗೂ ಅಣ್ಣನಿಗೂ ಮಾತಿಗೆ ಮಾತು ಬೆಳೆಯಿತು.

ಅಪ್ಪ ಮಾತ್ರ ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಡಾಕ್ಟರಮ್ಮನ ಒಂದು ಮಾತು ಅವನ ತಲೆ ಹೊಕ್ಕಿತ್ತು. ‘ಏನೂ ಕೊಡದಿದ್ರೂ.’ ಅದನ್ನೇ ಬಾಯಲ್ಲಿ ತಿರುಗಿಸುತ್ತ ಇಡೀ ದಾರಿ ಬಂದಿದ್ದ. ಇದು ಎಲ್ಲಿಗೆ ಹೋಗುತ್ತದೆಂದು ನಾನು ಆಗಲೇ ಊಹಿಸಿದ್ದೆ, ಏಕೆಂದರೆ ನನಗೆ ನನ್ನ ಅಪ್ಪ ಗೊತ್ತು.

ಅವನ ಬಗ್ಗೆ ಹೇಳಲೇಬೇಕು. ಅಪ್ಪ ಬಣ್ಣದ ಕಾರ್ಖಾನೆಯಲ್ಲಿ ಪರೀಕ್ಷೆಯ ವಿಭಾಗದಲ್ಲಿದ್ದವನು. ಹೊಸ ಬಣ್ಣ ತಯಾರಾದರೆ ಅದನ್ನು ಮರದ ಹಲಗೆಗೆ ಹಚ್ಚಿ, ಹಲಗೆಯನ್ನು ಕಾರ್ಖಾನೆಯ ತಾರಸಿಯ ಮೇಲೆ ಬಿಸಿಲು ಮಳೆಗೆ ಒಡ್ಡಿ ಇಟ್ಟು, ಯಾವುದು ಬಿರುಕು ಬಿಡುತ್ತದೆ, ಯಾವುದು ಮಾಸುತ್ತದೆ ಎಂದು ದಿನವೂ ನೋಡುವುದು ಅವನ ಕೆಲಸ. ಒಂದು ಹಲಗೆಗೆ ಹಳೆಯ ಬಣ್ಣ, ಒಂದಕ್ಕೆ ಹೊಸದು, ಮತ್ತೊಂದಕ್ಕೆ ಏನೂ ಇಲ್ಲ. ಆ ಏನೂ ಇಲ್ಲದ್ದೇ ಬರಿ ಹಲಗೆ. ಬರಿ ಹಲಗೆ ಇಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ನಾನು ನಡೆಯಲು ಕಲಿಯುವ ಮೊದಲೇ ಕೇಳಿಸಿಕೊಂಡಿದ್ದೇನೆ. ಅವನ ಇನ್ನೊಂದು ನಿಯಮ, ಎಲ್ಲ ಹಲಗೆಯೂ ಒಂದೇ ಮರದ್ದಾಗಿರಬೇಕು. ಬೇರೆ ಮರದ್ದು ಸೇರಿಕೊಂಡರೆ, ಉಳಿದದ್ದು ಬಣ್ಣದ ಗುಣದಿಂದಲೋ ಮರದ ಗುಣದಿಂದಲೋ ತಿಳಿಯುವುದಿಲ್ಲ. ಒಮ್ಮೆ ಬಡಗಿ ಬೇರೆ ಮರದ ಒಂದೇ ಒಂದು ಹಲಗೆ ಸೇರಿಸಿದ್ದಕ್ಕೆ, ಇಡೀ ಮಳೆಗಾಲದ ಪರೀಕ್ಷೆಯನ್ನು ಸಾಹೇಬರ ಕಣ್ಣೆದುರೇ ಕಿತ್ತು ಹಾಕಿದ್ದನಂತೆ. ಇದನ್ನು ಅವನು ಈಗಲೂ ಎದೆಯುಬ್ಬಿಸಿ ಹೇಳುತ್ತಾನೆ.

ನಿವೃತ್ತನಾದಾಗ ಹಲಗೆ ನಿಲ್ಲಿಸುವ ಹಳೆಯ ಕಬ್ಬಿಣದ ಚೌಕಟ್ಟೊಂದನ್ನು ಕೇಳಿ ಮನೆಗೆ ತಂದ. ತಾರಸಿಯ ಮೇಲೆ ನಿಲ್ಲಿಸಿದ. ಅಂದಿನಿಂದ ಪರೀಕ್ಷೆಗೆ ಒಳಗಾಗದ ವಸ್ತು ನಮ್ಮ ಮನೆಯಲ್ಲಿ ಇಲ್ಲ. ಎಡಗಾಲಿನ ಬೂಟಿಗೆ ಒಂದು ಪಾಲಿಶ್, ಬಲಗಾಲಿಗೆ ಇನ್ನೊಂದು. ಎರಡು ಕಂಪನಿಯ ಛತ್ರಿ ತಂದಾಗ ಒಂದನ್ನು ಅಣ್ಣನಿಗೆ ಹಿಡಿಸಿ, ಒಂದನ್ನು ತಮ್ಮನಿಗೆ ಹಿಡಿಸಿ, ಮಳೆಯಲ್ಲಿ ಬೀದಿಯ ತುದಿಯವರೆಗೆ ನಡೆಸಿದ್ದ. ಬರಿ ಹಲಗೆಯಾಗಿ ಅವರ ನಡುವೆ ಅಮ್ಮ ನಡೆದಿದ್ದಳು. ಅದಾದ ಮೇಲೆ ಅವಳು ಅಪ್ಪನೊಂದಿಗೆ ಒಂದು ವಾರ ಮಾತು ಬಿಟ್ಟಿದ್ದಳು.

ಈಗ ಮೂರು ರೋಗಿಗಳು, ಒಂದೇ ರೋಗ, ಒಂದೇ ವಾರ. ಅಪ್ಪನ ಕಣ್ಣು ಮಿಂಚುತ್ತಿದ್ದದ್ದು ನೋಡಿದರೆ ನೆಗಡಿಯನ್ನು ಅವನೇ ತರಿಸಿದ್ದನೇನೋ ಎನಿಸುತ್ತಿತ್ತು.

ಸಂಜೆ ಮೂವರನ್ನೂ ತಾರಸಿಗೆ ಹತ್ತಿಸಿ ಚೌಕಟ್ಟಿನ ಮುಂದೆ ಸಾಲಾಗಿ ನಿಲ್ಲಿಸಿದ.

“ಸುಮ್ನೆ ಯಾಕೆ ಜಗಳ? ಪರೀಕ್ಷೆ ಮಾಡಿಬಿಡೋಣ. ದೊಡ್ಡೋನೆ, ನಿಂಗೆ ಮಾತ್ರೆ. ಚಿಕ್ಕೋನೆ, ನಿಂಗೆ ನಿಮ್ಮಮ್ಮನ ಆವಿ.” ಆಮೇಲೆ ನಮ್ಮವರ ಹೆಗಲ ಮೇಲೆ ಕೈ ಇಟ್ಟ. “ನೀನು ಬರಿ ಹಲಗೆ.”

ನಾನು ಕೆಳಗಿನ ಮೆಟ್ಟಿಲಲ್ಲೇ ಕೂಗಿದೆ. “ಏನಂದೆ? ಸೋಮವಾರ ಇವ್ರಿಗೆ ಧ್ವನಿ ಪರೀಕ್ಷೆ ಇದೆ ಅಪ್ಪ!”

“ಗೊತ್ತು. ಅಷ್ಟರೊಳಗೆ ತಿಳಿಯುತ್ತೆ.”

“ಏನು ತಿಳಿಯುತ್ತೆ? ಕೆಲಸ ಹೋಗಿದ್ದು ತಿಳಿಯುತ್ತೆ. ಮಾತ್ರೆ ನಿನ್ನ ಮಗನಿಗೆ, ಆವಿ ನಿನ್ನ ಮಗನಿಗೆ, ಅಳಿಯನಿಗೆ ಮಾತ್ರ ಏನೂ ಇಲ್ವಾ?”

“ಬಿರುಕು ಬಿಟ್ಟ ಹಲಗೇನ ತಕ್ಷಣ ಒಳಗೆ ತರೋದು ನನ್ನ ಮೊದಲ್ನೇ ನಿಯಮ. ಕಣ್ಣು ಊದಲಿ, ಜ್ವರ ಬರಲಿ, ನಾನೇ ಹೊತ್ಕೊಂಡು ಹೋಗ್ತೀನಿ ಡಾಕ್ಟರ ಹತ್ರ. ಏನಪ್ಪಾ, ಆಗಬಹುದಾ?”

ನಮ್ಮವರು ಮೂಗಿನೊಳಗಿಂದಲೇ “ಆಗ್ಲಿ ಬಾವ” ಅಂದರು. ಮಾವ ಎನ್ನಲೂ ಆಗದ ಸ್ಥಿತಿ.

ರಾತ್ರಿ ಊಟದ ಮೇಲೆ ನಾನು ಅವರನ್ನು ತರಾಟೆಗೆ ತೆಗೆದುಕೊಂಡೆ. ಇಲ್ಲ ಎನ್ನಲು ಬಾಯಿ ಇರಲಿಲ್ಲವೇ ಎಂದೆ. ಅವರು ಮೆಲ್ಲಗೆ, ‘ಇರೋದು ಅವರ ಮನೇಲಿ, ಒಂದು ಹಲಗೆ ಆಗು ಅಂದ್ರೆ ಆಗಲ್ಲ ಅನ್ನೋಕಾಗುತ್ತಾ’ ಅಂದರು. ಅದೇ ನನಗೆ ತಡೆಯಲಾಗದ್ದು. ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಏಕವಚನ. ಅಮ್ಮ ಅಳಿಯನಿಗೆ ಬಹುವಚನದ ಮರ್ಯಾದೆಯನ್ನಾದರೂ ಕೊಡುತ್ತಾಳೆ. ಅಪ್ಪ ಮದುವೆಯಾದ ದಿನದಿಂದ ‘ಬಾರೋ, ಹೋಗೋ’. ಮರ್ಯಾದೆಯೂ ಇಲ್ಲ, ಈಗ ಮಾತ್ರೆಯೂ ಇಲ್ಲ. ಅಪ್ಪ ಇವರನ್ನು ಮನುಷ್ಯರ ಲೆಕ್ಕಕ್ಕೇ ಇಟ್ಟಿಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ. ತೀರ್ಮಾನಿಸಿ ಎದ್ದು, ನೀರು ಕಾಯಿಸಿ, ಆರಿಸಿ, ಉಪ್ಪು ಬೆರೆಸಿ, ಅವರನ್ನು ಬಚ್ಚಲಿಗೆ ನೂಕಿದೆ.

“ಮಾವನಿಗೆ ಮಾತು ಕೊಟ್ಟಿದ್ದೀನಿ ಕಣೇ.”

“ಮಾತು ಬಾಯಿಂದ ಕೊಟ್ಟಿದ್ದು. ಇದು ಮೂಗು. ಬಗ್ಗಿ.”

ಬಗ್ಗಿದರು. ಒಂದು ಹೊಳ್ಳೆಯಲ್ಲಿ ಬಿಟ್ಟ ನೀರು ಇನ್ನೊಂದರಲ್ಲಿ ಬರಬೇಕಿತ್ತು. ಮೊದಲ ಸಲ ಬಾಯಲ್ಲಿ ಬಂತು, ಎರಡನೆಯ ಸಲ ನನ್ನ ಸೀರೆಯ ಮೇಲೆ. ಆಮೇಲೆ ದಾರಿ ಗೊತ್ತಾಯಿತು. ಅಂದಿನಿಂದ ದಿನವೂ ಬಚ್ಚಲಿನಲ್ಲಿ ನಮ್ಮ ಕಳ್ಳ ಕೆಲಸ ನಡೆಯಿತು. ಹೊರಗೆ ಕೇಳಿಸದಿರಲೆಂದು ನಲ್ಲಿ ಬಿಟ್ಟಿರುತ್ತಿದ್ದೆ.

ಬೆಳಿಗ್ಗೆ ಅಪ್ಪನ ತಪಾಸಣೆ. ಮೂವರೂ ಹಲ್ಲುಜ್ಜಿ ತಾರಸಿಗೆ ಬರಬೇಕು. ಅಪ್ಪ ತನ್ನ ಕ್ಷೌರದ ಕನ್ನಡಿಯನ್ನು ಒಬ್ಬೊಬ್ಬರ ಮೂಗಿನ ಕೆಳಗೆ ಹಿಡಿದು, “ಬಾಯಿ ಮುಚ್ಚು, ಬಿಡು ಉಸಿರು” ಎನ್ನುತ್ತಿದ್ದ. ಗಾಜಿನ ಮೇಲೆ ಮಂಜು ಕೂರುವುದನ್ನು ನೋಡುತ್ತಿದ್ದ. ಎರಡು ಹೊಳ್ಳೆಯೂ ತೆರೆದಿದ್ದರೆ ಎರಡು ಮಚ್ಚೆ, ಒಂದು ಕಟ್ಟಿದ್ದರೆ ಒಂದೇ. ಮೊದಲ ದಿನ ಮೂವರಿಂದಲೂ ಏನೂ ಬರಲಿಲ್ಲ, ತಮ್ಮನಿಂದ ಒಂದು ಸೀನು ಬಂತು. ಅಪ್ಪ ಕನ್ನಡಿ ಒರೆಸಿಕೊಂಡು, ಮಡಿಸಿದ ಬೆರಳಿನ ಗೆಣ್ಣಿನಿಂದ ಮೂವರ ಕೆನ್ನೆಯನ್ನೂ ತಟ್ಟಿ ನೋಡಿದ, ಬಣ್ಣ ಒಣಗಿದೆಯೋ ಇಲ್ಲವೋ ಎಂದು ನೋಡುವ ಹಾಗೆ. ಕಣ್ಣಿನ ಸುತ್ತ ಊತವಿದೆಯೇ ಎಂದು ಬಿಸಿಲಿಗೆ ಮುಖ ತಿರುಗಿಸಿ ನೋಡಿದ. ಅದರಲ್ಲಿ ಅವನು ಮೋಸ ಮಾಡಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಮೂವರಿಗೂ ಒಂದೇ ಸಮನಾದ ಕಾಳಜಿ.

ವಾರದ ನಡುವಿನಲ್ಲಿ ಒಂದು ದಿನ ನಾನು ಬೇಗ ಮನೆಗೆ ಬಂದೆ. ನಾನು ಬಣ್ಣದ ಅಂಗಡಿಯಲ್ಲಿ ಗಿರಾಕಿ ತೋರಿಸಿದ ಬಣ್ಣಕ್ಕೆ ಸರಿಹೊಂದುವಂತೆ ಬೆರೆಸಿಕೊಡುವವಳು. ಅಂದು ಯಂತ್ರ ಕೆಟ್ಟಿತ್ತು. ಅಡುಗೆಮನೆಗೆ ಕಾಲಿಟ್ಟರೆ, ಮೂಲೆಯಲ್ಲಿ, ಕಪಾಟಿನ ಬಾಗಿಲ ಮರೆಯಲ್ಲಿ, ಟವೆಲು ಹೊದ್ದ ಒಂದು ಆಕೃತಿ ಸ್ಟೂಲಿನ ಮೇಲೆ ಕೂತಿದೆ. ಮುಂದೆ ಪಾತ್ರೆ, ಅದರಿಂದ ಹೊಗೆಯಾಡುವ ಆವಿ. ಪಕ್ಕದಲ್ಲಿ ಕಾವಲಿಗೆ ಅಮ್ಮ, ಕೈಯಲ್ಲಿ ಸೌಟು.

“ತಮ್ಮನಿಗೆ ಇಲ್ಲಿ ಯಾಕೆ ಕೊಡ್ತಿದ್ದೀಯ?” ಅಂದೆ.

ಟವೆಲಿನೊಳಗಿಂದ, “ನಾನು ಕಣೇ” ಎಂದು ನಮ್ಮವರ ದನಿ ಬಂತು.

ಅಮ್ಮ ಸೌಟು ಎತ್ತಿದಳು. “ಅಪ್ಪನಿಗೆ ಹೇಳಿದ್ರೆ ನೋಡು. ಅಳಿಯಂದಿರನ್ನ ಬರಿಗೈಲಿ ಕಳಿಸಬಾರದು ಅಂತಾರೆ, ಬರಿ ಮೂಗಲ್ಲಿ ಇಟ್ಕೊಳ್ಳೋದಾ? ಬೀಗಿತ್ತಿ ಕೇಳಿದ್ರೆ ನಾನು ಏನು ಮುಖ ತೋರಿಸಲಿ? ಅಳಿಯಂದ್ರೇ, ಇನ್ನೂ ಸ್ವಲ್ಪ ಹಿಂದಕ್ಕೆ ಕೂತ್ಕೊಳ್ಳಿ, ಮುಖ ಸುಟ್ಟೀತು.”

ಇಲ್ಲ ಎನ್ನಲು ಬಾರದವರು ಅತ್ತೆಗೂ ಇಲ್ಲ ಎಂದಿರಲಿಲ್ಲ. ಹಾಗಾದರೆ ತಮ್ಮ? ಅವನ ಕೋಣೆಗೆ ಹೋಗಿ ನೋಡಿದೆ. ಅವನೂ ಟವೆಲು ಹೊದ್ದು ಪಾತ್ರೆಯ ಮುಂದೆ ಕೂತಿದ್ದ. ಟವೆಲು ಎತ್ತಿದರೆ ಒಳಗೆ ಫೋನಿನಲ್ಲಿ ಪಂದ್ಯ ನಡೆಯುತ್ತಿತ್ತು. ಪಾತ್ರೆಯೊಳಗೆ ಕೈ ಹಾಕಿದೆ. ತಣ್ಣೀರು.

“ಅಕ್ಕಾ, ಆ ಬಿಸಿ ನಂಗೆ ಉಸಿರು ಕಟ್ಟಿಸುತ್ತೆ. ಮೊದಲೇ ಉಸಿರಿಲ್ಲ. ಹೇಳ್ಬೇಡ ಕಣೇ.”

ಇಷ್ಟೇ ಎಂದುಕೊಂಡರೆ ಅಲ್ಲ. ಶುಕ್ರವಾರ ನಮ್ಮವರ ಸಮವಸ್ತ್ರ ಒಗೆಯಲು ಹಾಕುವಾಗ ಜೇಬಿನಲ್ಲಿ ಕಾಗದದ ಪೊಟ್ಟಣ ಸಿಕ್ಕಿತು. ಬಿಡಿಸಿದರೆ ಅಣ್ಣನ ಮಾತ್ರೆಗಳು. ಅಣ್ಣನನ್ನು ಮೂಲೆಗೆ ಹಿಡಿದು ಕೇಳಿದೆ. ಮೂಗು ಹಿಡಿದರೆ ಬಾಯಿ ಬಿಡುತ್ತಾನೆ ಎನ್ನುತ್ತಾರೆ. ಇವನದು ಆಗಲೇ ಬಿಟ್ಟಿತ್ತು. ಆ ಮಾತ್ರೆ ಎರಡು ಸಲ ನುಂಗುವಷ್ಟರಲ್ಲಿ ಅವನ ಹೊಟ್ಟೆ ಕೆಟ್ಟು, ಕಚೇರಿಯಲ್ಲಿ ಕುರ್ಚಿಗಿಂತ ಹೆಚ್ಚು ಹೊತ್ತು ಶೌಚಾಲಯದಲ್ಲೇ ಕೂತಿದ್ದನಂತೆ. ನಿಲ್ಲಿಸಿಬಿಟ್ಟಿದ್ದ. ದುಡ್ಡು ಕೊಟ್ಟು ತಂದದ್ದು, ಎಸೆಯಲು ಮನಸ್ಸು ಬಾರದೆ ಭಾವನ ಕೈಗೆ ತುರುಕಿದ್ದ.

“ಪಾಪ ಕಣೇ. ನಮ್ಮಿಬ್ಬರಿಗೂ ಏನೋ ಒಂದಿದೆ, ಅವರಿಗೇನೂ ಇಲ್ಲ. ನಂಗೇ ನಾಚಿಕೆ ಆಯ್ತು.”

“ಒಬ್ಬರಿಗೆ ಬರೆದ ಮಾತ್ರೆ ಇನ್ನೊಬ್ಬರಿಗೆ ಕೊಡ್ತಾರೇನೋ? ಬುದ್ಧಿ ಎಲ್ಲಿಟ್ಟಿದ್ದೀಯ?” ಎಂದು ಬೈದೆ. ನಮ್ಮವರು ಅದನ್ನು ನುಂಗಿರಲಿಲ್ಲ, ಸದ್ಯ. ಬೇಡ ಎನ್ನಲಾಗದೆ ಇಸಿದುಕೊಂಡು ಜೇಬಿನಲ್ಲಿಟ್ಟಿದ್ದರು. ಅಣ್ಣನಿಗೇ ಹಿಂದಿರುಗಿಸುತ್ತೇನೆ ಎಂದು ಅದನ್ನು ನನ್ನಿಂದ ತೆಗೆದುಕೊಂಡು ಮತ್ತೆ ಜೇಬಿಗೇ ಹಾಕಿಕೊಂಡರು.

ಈಗ ಲೆಕ್ಕ ನೋಡಿ. ಮಾತ್ರೆಯ ಹಲಗೆ ಮಾತ್ರೆ ಬಿಟ್ಟಿದೆ. ಆವಿಯ ಹಲಗೆ ತಣ್ಣೀರಿನ ಮುಂದೆ ಪಂದ್ಯ ನೋಡುತ್ತಿದೆ. ಬರಿ ಹಲಗೆಗೆ ಮಾತ್ರ ಬೆಳಿಗ್ಗೆ ಉಪ್ಪುನೀರು, ಮಧ್ಯಾಹ್ನ ಆವಿ, ಜೇಬಿನಲ್ಲಿ ಮಾತ್ರೆ. ನಮ್ಮ ಮನೆಯಲ್ಲಿ ಬಣ್ಣ ಕಂಡ ಹಲಗೆ ಅದೊಂದೇ.

ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ದಿನದಿಂದ ದಿನಕ್ಕೆ ಹಿಗ್ಗುತ್ತಿದ್ದ. ಮೊದಲ ಮಚ್ಚೆ ಮೂಡಿದ್ದು ನಮ್ಮವರ ಬಲ ಹೊಳ್ಳೆಯಿಂದ. ಮರುದಿನ ಅಣ್ಣನದು, ತಮ್ಮನದು. ಭಾನುವಾರ ಬೆಳಿಗ್ಗೆ ಮೂವರ ಮುಂದೆಯೂ ಕನ್ನಡಿ ಹಿಡಿದರೆ, ಮೂರು ಸಲವೂ ಎರಡೆರಡು ಮಚ್ಚೆ, ಒಂದಕ್ಕಿಂತ ಒಂದು ಅಚ್ಚುಕಟ್ಟು. ಅಪ್ಪ ನನ್ನನ್ನೂ ಅಮ್ಮನನ್ನೂ ತಾರಸಿಗೆ ಕರೆದ. ಸಾಹೇಬರಿಗೆ ಫಲಿತಾಂಶ ಒಪ್ಪಿಸುವವನ ಹಾಗೆ ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ.

“ನೋಡಿ ಎಲ್ರೂ. ಮಾತ್ರೆ ತಿಂದೋನೂ ಅಷ್ಟೇ, ಆವಿ ತಗೊಂಡೋನೂ ಅಷ್ಟೇ, ಏನೂ ಇಲ್ದೇ ಇದ್ದೋನೂ ಅಷ್ಟೇ. ಡಾಕ್ಟರಮ್ಮ ಹೇಳಿದ್ದು ನಿಜ. ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ಳೋಕೆ ಹೊರಟಿದ್ರಿ ನೀವೆಲ್ಲ. ಈ ಪರೀಕ್ಷೆ ಗೆಲ್ಲಿಸಿದ್ದು ಯಾರು ಗೊತ್ತಾ? ಇವನು!” ಎಂದು ನಮ್ಮವರ ಬೆನ್ನು ತಟ್ಟಿದ. “ಬಾಯಿ ಬಿಡದೆ ನೋವು ತಡ್ಕೊಂಡ. ಕಾರ್ಖಾನೇಲೂ ಇಂಥ ಹಲಗೆ ನಾನು ನೋಡಿಲ್ಲ.”

ತಮ್ಮ ಆಕಾಶ ನೋಡಿದ. ಅಣ್ಣ ತನ್ನ ಚಪ್ಪಲಿ ನೋಡಿಕೊಂಡ. ಅಮ್ಮ ಒಣಗಿದ ಬಟ್ಟೆಗಳನ್ನು ಮತ್ತೊಮ್ಮೆ ಒಣಹಾಕತೊಡಗಿದಳು. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಆದರೆ ನಮ್ಮವರ ಮುಖ ಕಪ್ಪಿಟ್ಟಿತು. ಹೊಗಳಿಕೆಯನ್ನು ನುಂಗಲು ಅವರಿಗೆ ಬರುವುದಿಲ್ಲ, ಮಾತ್ರೆಯನ್ನು ನುಂಗದ ಹಾಗೇ. ಎರಡು ಹೆಜ್ಜೆ ಮುಂದೆ ಬಂದು ಕೈ ಕಟ್ಟಿಕೊಂಡು ನಿಂತರು. ಗಾಬರಿಯಲ್ಲಿ ಅಭ್ಯಾಸದ ಮಾತೇ ಬಾಯಿಗೆ ಬಂದುಬಿಟ್ಟಿತು.

“ದಯವಿಟ್ಟು ಗಮನಿಸಿ.”

ಆ ದನಿ! ಪಕ್ಕದ ಮನೆಯ ತಾರಸಿಯಲ್ಲಿ ನೆಲ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿದಳು. ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ಅವರ ನಿಜವಾದ ದನಿ ಹೊರಟದ್ದು ಅದೇ ಮೊದಲು.

“ನಾನು ಬರಿ ಹಲಗೆ ಅಲ್ಲ ಮಾವ. ದಿನಾ ಉಪ್ಪುನೀರಲ್ಲಿ ಮೂಗು ತೊಳ್ಕೊಂಡಿದ್ದೀನಿ. ಆವಿನೂ ತಗೊಂಡಿದ್ದೀನಿ. ಮಾತ್ರೆ ನುಂಗಿಲ್ಲ, ಇಲ್ಲಿದೆ.” ಜೇಬಿನಿಂದ ಪೊಟ್ಟಣ ತೆಗೆದು ಚೌಕಟ್ಟಿನ ಮೇಲಿಟ್ಟರು. “ನೀವು ಹೊಗಳ್ತಿರೋದು ನಂಗೆ ಸಲ್ಲೋದಲ್ಲ. ತಪ್ಪಾಯ್ತು.”

“ಯಾರು?” ಅಂದ ಅಪ್ಪ. ದನಿ ಕುಸಿದಿತ್ತು. “ಯಾರು ಹಚ್ಚಿದ್ದು ಬಣ್ಣ?”

ಕುಂಬಳಕಾಯಿ ಕಳ್ಳ ಎಂದರೆ ಎಲ್ಲರೂ ಹೆಗಲು ಮುಟ್ಟಿಕೊಂಡರು. ‘ನಾನು ಒಂದೇ ಒಂದು ಸಲ ಆವಿ’ ಎಂದಳು ಅಮ್ಮ. ನಮ್ಮವರು ಅವಳತ್ತ ನೋಡಿದ್ದಕ್ಕೆ, ‘ದಿನಕ್ಕೆ ಒಂದು ಸಲ’ ಎಂದು ತಿದ್ದಿದಳು. ಅಣ್ಣ ಹೊಟ್ಟೆಯ ಕಥೆ ಹೇಳಿದ. ತಮ್ಮ ಪಂದ್ಯದ ಕಥೆ ಹೇಳಿದ. ನನ್ನದನ್ನು ನಾನು ತಲೆಯೆತ್ತಿಯೇ ಹೇಳಿದೆ.

ಅಪ್ಪ ಚೌಕಟ್ಟಿನ ಕೆಳಗಿನ ಪಟ್ಟಿಯ ಮೇಲೆ ಕೂತುಬಿಟ್ಟ. ಕನ್ನಡಿ ತೊಡೆಯ ಮೇಲಿತ್ತು. ಮೇಲಿನ ಗುಂಡಿ ಬಿಚ್ಚಿಕೊಂಡ.

“ಮಳೇಲಿ ಹಲಗೆ ಹಾಳಾಗಿದೆ, ಬಿಸಿಲಲ್ಲಿ ಹಾಳಾಗಿದೆ. ಮನೆಯವರೇ ಸೇರಿ ಹಾಳು ಮಾಡಿದ್ದು ಇದೇ ಮೊದಲು.” ಆಮೇಲೆ ನಮ್ಮವರಿಗೆ, “ನೀನಾದ್ರೂ ಬೇಡ ಅನ್ನಬಾರದಿತ್ತೇನೋ?”

ಅವನನ್ನು ನೋಡಿ ಅಯ್ಯೋ ಎನಿಸಿತ್ತು. ಆದರೆ ಆ ಕೊನೆಯ ಮಾತು ಕೇಳಿ ನನ್ನ ಪಿತ್ತ ನೆತ್ತಿಗೇರಿತು.

“ಅವ್ರನ್ನ ಯಾಕೆ ಅಂತೀಯ? ನಾವ್ಯಾರೂ ಮುಟ್ಟದೇ ಇದ್ದಿದ್ರೂ ನಿನ್ನ ಪರೀಕ್ಷೆ ತಪ್ಪೇ. ಶುರುವಾಗೋಕೆ ಮೊದ್ಲೇ ತಪ್ಪು!”

“ಏನು ತಪ್ಪು?” ಅಪ್ಪ ತಲೆಯೆತ್ತಿದ. ಪರೀಕ್ಷೆ ತಪ್ಪು ಎಂದರೆ ಅವನು ಸತ್ತರೂ ಎದ್ದು ಬರುತ್ತಾನೆ.

“ಎಲ್ಲ ಹಲಗೇನೂ ಒಂದೇ ಮರದ್ದಾಗಿರಬೇಕು ಅಂತ ಹೇಳ್ಕೊಟ್ಟಿದ್ದು ಯಾರು? ಸಾಹೇಬರ ಮುಂದೆ ಕಿತ್ತು ಹಾಕಿದ್ದು ಯಾರು? ಇವರಿಬ್ಬರು ಅಣ್ಣತಮ್ಮಂದಿರು, ಸರಿ. ನಮ್ಮವರು? ಅವ್ರ ಅಪ್ಪ ಬೇರೆ, ಅಮ್ಮ ಬೇರೆ, ಮೂಗೇ ಬೇರೆ. ನಿನ್ನ ಮಕ್ಕಳ ಸಾಲಲ್ಲಿ ಅವ್ರನ್ನ ಹೇಗೆ ನಿಲ್ಲಿಸ್ದೆ? ಹೇಳು!”

ಗೆದ್ದೆ ಎಂದುಕೊಂಡೆ. ಅಪ್ಪ ಕೂತಲ್ಲಿಂದಲೇ ಮೂವರತ್ತ ತಿರುಗಿದ. ಅಣ್ಣನನ್ನು ನೋಡಿದ, ನಮ್ಮವರನ್ನು ನೋಡಿದ, ತಮ್ಮನನ್ನು ನೋಡಿದ. ಮತ್ತೆ ಆ ತುದಿಯಿಂದ ಈ ತುದಿಗೆ ನೋಡಿದ, ಹಲಗೆ ನೋಡುವ ಅದೇ ಕಣ್ಣಿನಿಂದ. ಅವನ ಕಿವಿ ಕೆಂಪಾಯಿತು. ಅಷ್ಟು ವರ್ಷ ಹಲಗೆ ಇಟ್ಟವನು, ಒಬ್ಬ ಹೊಸಬನೂ ಮಾಡದ ತಪ್ಪು ಮಾಡಿ ಸಿಕ್ಕಿಬಿದ್ದಿದ್ದ.

“ಅರೆ,” ಅಂದ. “ಹೌದಲ್ವಾ. ಇವನು ಬೇರೆ ಮರ.”

ಕನ್ನಡಿಯನ್ನು ಶರ್ಟಿನ ತುದಿಯಿಂದ ಒಮ್ಮೆ ಒರೆಸಿದ.

“ಅದು ನಂಗೆ ಹೊಳೀಲೇ ಇಲ್ಲ ಕಣೇ.”

ಅಪ್ಪ ಅದನ್ನು ಯಾರನ್ನೂ ಮೆಚ್ಚಿಸಲು ಹೇಳಲಿಲ್ಲ. ನಿಜವಾಗಿಯೂ ನಾಚಿಕೊಂಡಿದ್ದ, ತನ್ನ ಕೆಲಸದ ಬಗ್ಗೆ. ‘ಇಷ್ಟು ದಿನ ಕಣ್ಣೆದುರಿಗಿದ್ದಾನೆ, ಒಂದು ಸಲವೂ ಹೊಳೀಲಿಲ್ಲವಲ್ಲ’ ಎಂದು ಕನ್ನಡಿಗೆ ಹೇಳಿಕೊಳ್ಳುವವನ ಹಾಗೆ ಗೊಣಗಿದ. ‘ಬಾರೋ, ಹೋಗೋ’ ಎಂದು ಅವನು ಅಣ್ಣನನ್ನೂ ತಮ್ಮನನ್ನೂ ಕರೆಯುವ ಹಾಗೇ ಕರೆದದ್ದು ಇಷ್ಟು ವರ್ಷ ನನಗೆ ಅವಮಾನವಾಗಿ ಕೇಳಿಸಿತ್ತು. ನನಗೇ ನಾಚಿಕೆಯಾಯಿತು.

ಆಗ ‘ಸೊರ್’ ಎಂದು ಸದ್ದಾಯಿತು. ನಮ್ಮವರು ಅಳುತ್ತಿದ್ದರು. ಕೈ ಕಟ್ಟಿಕೊಂಡೇ, ಸದ್ದಿಲ್ಲದೆ, ಮೂಗೊಂದನ್ನು ಬಿಟ್ಟು.

ಅಪ್ಪ ಗಡಬಡಿಸಿ ಎದ್ದು ಕನ್ನಡಿ ಹಿಡಿದ. “ಬಾಯಿ ಮುಚ್ಚು, ಬಿಡು ಉಸಿರು.” ಒಂದೇ ಮಚ್ಚೆ. “ಅಯ್ಯೋ! ಎಡಗಡೆ ಮತ್ತೆ ಕಟ್ಕೊಂಡಿತು!”

“ನಾಳೆ ಧ್ವನಿ ಪರೀಕ್ಷೆ, ಇವತ್ತು ಅವ್ರನ್ನ ಅಳಿಸ್ತೀಯಲ್ಲ, ನಿಂಗೆ ಸ್ವಲ್ಪನಾದ್ರೂ ಇದೆಯಾ ಬುದ್ಧಿ?” ಎಂದು ನಾನೂ ಅಳುತ್ತ ಕೂಗಾಡಿದೆ.

ಆ ದಿನ ನಮ್ಮ ಮನೆಯಲ್ಲಿ ಕಳ್ಳತನವಿರಲಿಲ್ಲ. ನಡುಮನೆಯಲ್ಲೇ ಪಾತ್ರೆ ಇಟ್ಟು ಅಮ್ಮ ಆವಿ ಕೊಟ್ಟಳು. ಉಪ್ಪುನೀರು ನಾನು ತಂದೆ. ನಮ್ಮವರು ಬಗ್ಗಿದಾಗ ಅವರ ಹಣೆ ಹಿಡಿದುಕೊಂಡವನು ಅಣ್ಣ. ತಮ್ಮ ದಿಂಬು ಎತ್ತರಿಸಿ ಕೊಟ್ಟು, ಫೋನು ಆರಿಸಿ, ಬಾಗಿಲ ಹೊರಗೆ ಕೂತು ಯಾರೂ ಗಲಾಟೆ ಮಾಡದಂತೆ ನೋಡಿಕೊಂಡ. ಅಪ್ಪ ಟವೆಲು ಹಿಡಿದುಕೊಂಡು ನಿಂತಿದ್ದ. ಯಾವುದಕ್ಕೆ ಯಾವ ಫಲ ಎಂದು ತಿಳಿಯುವ ಹಾಗೇ ಇಲ್ಲ, ಇಷ್ಟು ಕೆಟ್ಟ ಪರೀಕ್ಷೆಯನ್ನು ಜನ್ಮದಲ್ಲಿ ನೋಡಿಲ್ಲ ಎಂದು ಹೇಳುತ್ತಲೇ ಬೆನ್ನು ನೀವುತ್ತಿದ್ದ.

ಸೋಮವಾರ ನಾವೆಲ್ಲ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆವು. ಎಲ್ಲಿಗೂ ಹೋಗುವವರಲ್ಲ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಮೊದಲ ಮೂವರು ಹೇಳಿ ಮುಗಿಸಿದರು. ಒಬ್ಬನ ದನಿ ಕೀಚಲು, ಒಬ್ಬ ಅವಸರ ಮಾಡಿದ, ಒಬ್ಬ ಚೆನ್ನಾಗಿಯೇ ಹೇಳಿದ. ಆ ಚೆನ್ನಾಗಿ ಹೇಳಿದವನಿಗೆ ನಾನು ಮನಸ್ಸಿನಲ್ಲೇ ಶಾಪ ಹಾಕಿದೆ. ಆಮೇಲೆ ಧ್ವನಿವರ್ಧಕ ಒಮ್ಮೆ ಗೊರಗೊರ ಎಂದಿತು.

“ದಯವಿಟ್ಟು ಗಮನಿಸಿ.”

ಮ ಎಂದರೆ ಮ, ನ ಎಂದರೆ ನ. ನಿಲ್ದಾಣದ ತುಂಬ ದನಿ ಹರಡಿತು. ಓಡುತ್ತಿದ್ದವರು ನಡೆದರು, ಅಳುತ್ತಿದ್ದ ಮಗುವೊಂದು ಸುಮ್ಮನಾಗಿ ಮೇಲೆ ನೋಡಿತು. ಅಪ್ಪ ಕಣ್ಣು ಮುಚ್ಚಿ ಕೇಳುತ್ತ, “ಎರಡೂ ಕಡೆ ತೆರೆದಿದೆ” ಎಂದು ಪಿಸುಗುಟ್ಟಿದ. ಆದೇಶ ಕೈಗೆ ಬಂದದ್ದು ಎಷ್ಟೋ ದಿನದ ಮೇಲೆ, ಆದರೆ ಖಾಯಂ ಆಯಿತೆಂದು ನಮಗೆ ಆ ಬೆಂಚಿನ ಮೇಲೇ ಗೊತ್ತಾಗಿತ್ತು.

ಅಪ್ಪನ ಪಕ್ಕದಲ್ಲಿ ಗಂಟು ಮೂಟೆ ಇಟ್ಟುಕೊಂಡು ಕೂತಿದ್ದ ಪ್ರಯಾಣಿಕ ತಲೆದೂಗಿದ. “ಯಾರ್ರೀ ಇದು? ಎಷ್ಟು ಚೆನ್ನಾಗಿ ಹೇಳ್ತಾರೆ.”

“ನಮ್ಮ ಹುಡುಗ,” ಅಂದ ಅಪ್ಪ. “ನಂಗೆ ಮೂವರು ಗಂಡುಮಕ್ಕಳು. ಇವನು ನಡುವಿನವನು.”

ಸುಳ್ಳು ಹೇಳಿ ಅಪ್ಪನಿಗೆ ಅಭ್ಯಾಸವೇ ಇಲ್ಲ. ಇದನ್ನು ಹೇಳುವಾಗ ಅವನ ಕಿವಿಯೂ ಕೆಂಪಾಗಲಿಲ್ಲ. ಕೇಳಿ ನನಗೆ ಹಿಗ್ಗೇ ಆಯಿತು. ಆದರೂ ಬಿಡಲಾದೀತೇ?

“ಅವ್ರು ನಿನ್ನ ಮಗ ಆದ್ರೆ ನಾನ್ಯಾರು ಅಪ್ಪ? ಸೊಸೆನಾ?”

ಉತ್ತರ ಕೊಟ್ಟವಳು ಅಮ್ಮ. ಫ್ಲಾಸ್ಕು, ಟವೆಲು, ಚೀಲ ಎಲ್ಲವನ್ನೂ ಎತ್ತಿ ನನ್ನ ಮಡಿಲಿಗೆ ಹಾಕಿ, ಸೆರಗು ಸರಿಮಾಡಿಕೊಂಡು ಹಾಯಾಗಿ ಬೆಂಚಿಗೆ ಒರಗಿದಳು.

“ಸೊಸೆ ಅಂದ್ಮೇಲೆ ಇದನ್ನ ಹಿಡ್ಕೋ. ನಾಳೆಯಿಂದ ನನಗಿಂತ ಮೊದ್ಲು ಏಳು.”